ಸೌಟಕ್ಕನ ಪರದೆ

"ಸ್ವಲ್ಪ ಎಡಕ್ಕೆ... ಹಾಂ, ಸಾಕು," ಎಂದಳು ಸೌಟಕ್ಕನ ಮಗಳು. ಹೊತ್ತವರು ಶವಪೆಟ್ಟಿಗೆಯನ್ನು ಪ್ರಾರ್ಥನಾ ಮಂದಿರದ ಊಟದ ಹಾಲ್‌ನ ವೇದಿಕೆಯ ಮೇಲೆ, ಗೋಡೆಗೆ ಬರೆದ ದೇವವಾಕ್ಯದ ಕೆಳಗೆ ಇಳಿಸಿದರು.

ಪೆಟ್ಟಿಗೆಯಲ್ಲಿದ್ದದ್ದು ಹತ್ತೊಂಬತ್ತು ವರ್ಷ ಇಲ್ಲಿ ಹಸಿದು ಬಂದವರಿಗೆ ಬಡಿಸಿದ ಹೆಂಗಸು. ಕೈಯಲ್ಲಿ ಸೌಟಿಲ್ಲದೆ ಅವಳನ್ನು ಕಂಡವರೇ ಕಡಿಮೆ. ಎಲ್ಲರ ಬಾಯಲ್ಲೂ ಸೌಟಕ್ಕ.

"ಇವತ್ತು ಊಟ ಇಲ್ಲ ಅಂತ ಬೋರ್ಡ್ ಹಾಕಿದ್ದೀರಿ ತಾನೇ?" ಮಗಳು ಮಂದಿರದ ಹಿರಿಯರನ್ನು ಕೇಳಿದಳು.

"ಹಾಕಿದ್ದೀನಮ್ಮ. ಆದ್ರೆ ಅಡುಗೆಯವರು ಬಂದವರೇ ಒಲೆ ಹಚ್ಚಿಬಿಟ್ಟಿದ್ದಾರೆ. ಕೈ ಸುಮ್ನಿರ್ಬೇಕಲ್ಲ."

"ಪ್ರಾರ್ಥನೆ ಮಾತ್ರ ಪೂರ್ತಿ ಆಗ್ಬೇಕು. ಇಲ್ಲೇ, ಗಟ್ಟಿಯಾಗಿ. ಈ ಹಾಲ್‌ನಲ್ಲಿ ಅಮ್ಮ ಬಾಯಿಬಿಟ್ಟು ದೇವರ ಹೆಸರು ಹೇಳಿದ್ದು ನಾನು ಒಂದ್ಸಲನೂ ಕೇಳಿಲ್ಲ."

*

ಮಂದಿರದ ಊಟಕ್ಕೆ ಸರ್ಕಾರದ ಅನುದಾನ ಮಂಜೂರಾದ ವರ್ಷ, ತಪಾಸಣೆಗೆ ಬಂದ ಅಧಿಕಾರಿ ಗೋಡೆಯ ದೇವವಾಕ್ಯ ನೋಡಿ ಹುಬ್ಬೇರಿಸಿದ್ದರು. "ಯಾವ ಮತದವರಾದ್ರೂ ಬಂದು ಉಣ್ಣಬೇಕು. ಊಟದ ಹೊತ್ತಲ್ಲಿ ಪ್ರಾರ್ಥನೆ ಇರಬಾರದು, ಇದೂ ಕಾಣಬಾರದು."

ಇಂಥ ಅನುದಾನವೇ ಬೇಡ ಎಂದು ಕೆಲವರು ಎಗರಾಡಿದರು. ಸೌಟಕ್ಕ ಸೂಜಿ ದಾರ ಹಿಡಿದು ಕೂತಳು. ಹಳೆಯ ಹೊದಿಕೆಗಳನ್ನು ಜೋಡಿಸಿ ವೇದಿಕೆಯ ಉದ್ದಕ್ಕೂ ಪರದೆ ಹೊಲಿದಳು. ಹನ್ನೆರಡಕ್ಕೆ ಎಳೆಯುವುದು, ಎರಡಕ್ಕೆ ತೆಗೆಯುವುದು.

ಒಮ್ಮೆ, ದಿನಾ ಉಣ್ಣಲು ಬರುತ್ತಿದ್ದ ಮುದಿ ಡ್ರೈವರು ತಟ್ಟೆ ಮುಟ್ಟದೆ ಕೂತಿದ್ದ.

"ಮಗ ಹೋಗ್ಬಿಟ್ಟ ಅಕ್ಕ. ಅವನಿಗೋಸ್ಕರ ಎರಡು ಮಾತು ಬೇಡಿಕೊಳ್ತೀಯಾ?"

ಸೌಟಕ್ಕ ಗಡಿಯಾರ ನೋಡಿದಳು. "ಎರಡು ಗಂಟೆ ಆಗ್ಲಿ. ಈಗ ಉಣ್ಣು."

ಎಂಥ ಕಲ್ಲು ಮನಸ್ಸು ಎಂದು ಪಕ್ಕದವರು ಗೊಣಗಿದರು. ಎರಡಕ್ಕೆ ಪರದೆ ತೆಗೆದು ಅವನ ಪಕ್ಕ ಕೂತವಳು ಸಂಜೆಯವರೆಗೂ ಏಳಲಿಲ್ಲ. ಮಾರನೆಯ ದಿನದಿಂದ ಪರದೆಯ ಹಗ್ಗ ಎಳೆಯುವ ಕೆಲಸ ಡ್ರೈವರನ ಪಾಲಿಗೆ ಬಂತು.

*

ದೂರದ ನೆಂಟರಿಗೆ ಕಾದು ಪ್ರಾರ್ಥನೆ ಶುರುವಾದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು.

"ದಣಿದ ಈ ಕೈಗಳಿಗೆ, ದೇವರೇ..." ಎಂದು ಹಿರಿಯರು ದನಿ ಎತ್ತುವಷ್ಟರಲ್ಲಿ ಗಡಿಯಾರ ಹೊಡೆಯಿತು. ಡ್ರೈವರು ಎದ್ದ. ಹಗ್ಗ ಎಳೆದ. ದೇವವಾಕ್ಯವೂ ಪೆಟ್ಟಿಗೆಯೂ ಒಟ್ಟಿಗೇ ಮರೆಯಾದವು. ಹಿರಿಯರ ಮಾತು ಅಲ್ಲಿಗೇ ನಿಂತಿತು. ಅಂತಿಮ ದರ್ಶನಕ್ಕೆ ಬಂದಿದ್ದ, ದಿನಾ ಇಲ್ಲೇ ಉಣ್ಣುವ ನಲವತ್ತು ಮಂದಿ ರೂಢಿಯಂತೆ ಎದ್ದು, ತಟ್ಟೆ ಹಿಡಿದು ಸಾಲಾಗಿ ನಿಂತರು.

"ಏನ್ರೀ ಇದು!" ಮಗಳ ದನಿ ಒಡೆಯಿತು.

ಡ್ರೈವರು ತನ್ನ ಕೈಯನ್ನೇ ನೋಡಿಕೊಂಡ. "ಅಯ್ಯೋ ತಾಯಿ, ಕೈ ತಾನಾಗೇ ಹೋಯ್ತು. ತೆಗೆದುಬಿಡ್ತೀನಿ."

ಸಾಲಿನ ಮೊದಲಿಗೆ ನಿಂತ ಹೆಂಗಸು ನಾಚಿ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಮಗಳಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಪರದೆಯ ಮೇಲಿನ ಅಮ್ಮನ ಹೊಲಿಗೆಯನ್ನು ಒಂದು ಗಳಿಗೆ ನೋಡಿದಳು.

"ಬೇಡ, ಇರ್ಲಿ ಬಿಡಿ," ಎಂದು ಮೊಳೆಯಲ್ಲಿ ನೇತಾಡುತ್ತಿದ್ದ ಸೌಟು ತೆಗೆದುಕೊಂಡಳು. "ಪೆಟ್ಟಿಗೆ ಒಯ್ಯೋ ಗಾಡಿಯವರಿಗೆ ಎರಡರ ಮೇಲೆ ಬರೋಕೆ ಹೇಳಿ."

ಉಂಡವರು ಯಾರೂ ಬಾಗಿಲ ಕಡೆ ಹೋಗಲಿಲ್ಲ. ಎರಡು ಹೊಡೆಯಿತು. ಡ್ರೈವರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಪರದೆ ತೆಗೆದ.

"ದಣಿದ ಈ ಕೈಗಳಿಗೆ..." ಹಿರಿಯರು ಬಿಟ್ಟಲ್ಲಿಂದಲೇ ಎತ್ತಿಕೊಂಡರು. ಬೋರಲು ಹಾಕಿದ ನಲವತ್ತು ತಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಸೌಟು ಇನ್ನೂ ಮಗಳ ಕೈಯಲ್ಲೇ ಇತ್ತು.