ಹೊಳಪು ಹೋದ ಬೆಲ್ಟು

"ಸರ್, ಇದನ್ನ ಒಂದೀಟು ಹಿಡ್ಕೊಳ್ರಿ. ನನ್ನ ಕೈ ಹಸಿ ಅದ" ಎಂದು ಹಫೀಜ್ ಪರದೆಯ ಆಚೆಯಿಂದ ಬಂದು, ತೀರಿಕೊಂಡ ತಂದೆಯ ಕೈಗಡಿಯಾರವನ್ನು ವಿರೂಪಣ್ಣನ ಅಂಗೈಯಲ್ಲಿಟ್ಟು ಮತ್ತೆ ಒಳಗೆ ಹೋದ. ಒಳಗೆ ಗುಲಾಮ್ ದಸ್ತಗೀರನ ಕೊನೆಯ ಸ್ನಾನ ನಡೆದಿತ್ತು.

ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾಗಿದ್ದ ವಿರೂಪಣ್ಣ ಸಾವಿನ ಸುದ್ದಿ ಕೇಳಿ ಬೆಳಗಿನ ಬಸ್ಸಿಗೆ ಮಾನ್ವಿಯಿಂದ ರಾಯಚೂರಿಗೆ ಬಂದಿದ್ದ. ದಸ್ತಗೀರನ ವಾಚಿನ ಅಂಗಡಿಗೆ ಅವನು ಕಾಲಿಡದೆ ಹನ್ನೊಂದು ವರ್ಷವಾಗಿತ್ತು. ಮನೆಯನ್ನಂತೂ ಕಂಡವನೇ ಅಲ್ಲ. ಓಣಿಯ ಬಾಯಲ್ಲಿ ವಿಚಾರಿಸಿದಾಗ ಚಹಾದಂಗಡಿಯವನು, "ಯಾರು, ರೆಕ್ಸಿನ್ ದಸ್ತಗೀರಾ? ಆ ಬೇವಿನ ಗಿಡದ ಮನಿ ನೋಡ್ರಿ" ಎಂದಿದ್ದ. ಅಡ್ಡಹೆಸರು ಕೇಳಿ ವಿರೂಪಣ್ಣನ ಕಾಲು ಅಲ್ಲಿಯೇ ನಿಂತಿತ್ತು. ಅದು ಹುಟ್ಟಿದ್ದು ಅವನದೇ ಬಾಯಿಂದ.

ಈಗ ಅವನು ಕೈಗಡಿಯಾರವನ್ನು ಮಗುಚಿ ನೋಡಿದ. ಬೆಲ್ಟಿಗೆ ಹೊಳಪೆಂಬುದು ಇರಲಿಲ್ಲ. ಹೊಲಿಗೆಯ ಅಂಚಿನಲ್ಲಿ ಮಾತ್ರ ಉಗುರಿನ ಚೂರಿನಷ್ಟು ಉಳಿದಿತ್ತು. ಒಳಮೈಯಲ್ಲಿ ಕೈವಾರದ ಮೊನೆಯಿಂದ ಗೀರಿದ ಅಂಕಿಗಳಿದ್ದವು: ೧೨-೬-೧೩. ಕೊಂಡ ವಸ್ತುವಿನ ಮೇಲೆಲ್ಲ ಕೊಂಡ ದಿನವನ್ನು ಗೀರಿಡುವುದು ವಿರೂಪಣ್ಣನ ಅಭ್ಯಾಸ. ಬೆಲ್ಟು ಅವನದೇ ಆಗಿತ್ತು.

*

ಕೊಂಡ ಆ ದಿನ ದಸ್ತಗೀರ ಅಂಗಡಿಯ ಗಾಜಿನ ಮೇಲೆ ಎರಡು ಬೆಲ್ಟು ಇಟ್ಟಿದ್ದ. ಒಂದು ಕನ್ನಡಿಯಂತೆ ಹೊಳೆಯುವುದು, ಇನ್ನೊಂದು ಮಂಕು. ತೊಗಲು ಎರಡಕ್ಕೂ ಒಂದೇ, ಮೇಲಿನ ಲೇಪವಷ್ಟೇ ಬೇರೆ ಎಂದು ತಿಳಿಸಿ, ಮಂಕಿನದನ್ನೇ ಒಯ್ಯಿರಿ ಎಂದಿದ್ದ. ವಿರೂಪಣ್ಣ ಒಪ್ಪಲಿಲ್ಲ. ಲೇಪವಿದ್ದರೆ ಬೆವರು ಇಳಿಯದು. ಬೆವರು ಇಳಿಯದಿದ್ದರೆ ತೊಗಲು ಕೊಳೆಯದು. ಆದ್ದರಿಂದ ಹೊಳಪಿನದೇ ಹೆಚ್ಚು ಬಾಳತಕ್ಕದ್ದು ಎಂದು ಪ್ರಮೇಯದಂತೆ ಸಾಧಿಸಿದ.

"ಲೆಕ್ಕ ಸರಿ ಅದರೀ ಸರ್" ಎಂದು ದಸ್ತಗೀರ ನಕ್ಕಿದ್ದ. "ಆದ್ರ ಅದರಾಗ ರಾಯಚೂರು ಬಿಸಿಲು ಹಿಡಿದಿಲ್ಲ ನೀವು."

ಹನ್ನೊಂದು ತಿಂಗಳಿಗೆ, ಬೆಲ್ಟು ಬಾಗುವ ಜಾಗದಲ್ಲಿ, ಹೊಳಪು ಬಿರಿದು ಹಕ್ಕಳೆಯಾಗಿ ಎದ್ದಿತು. ನಿವೃತ್ತರಾಗಲಿದ್ದ ಹೆಡ್‌ಮಾಸ್ತರರಿಗೆ ಗೋಡೆ ಗಡಿಯಾರ ಕೊಳ್ಳಲು ಶಾಲೆಯ ಒಂಬತ್ತು ಮಂದಿಯನ್ನು ವಿರೂಪಣ್ಣನೇ ಅದೇ ಅಂಗಡಿಗೆ ಕರೆತಂದಿದ್ದ. ಅವರಲ್ಲಿ ಗುಮಾಸ್ತ ಮಾಳಿಂಗಪ್ಪ ಬೆಲ್ಟನ್ನು ಕಂಡು, ಮಾಸ್ತರರ ಪ್ರಮೇಯ ಪೊರೆ ಬಿಡುತ್ತಿದೆಯೆಂದು ಎಲ್ಲರನ್ನೂ ನಗಿಸಿದ. ವಿರೂಪಣ್ಣ ಅದನ್ನು ಕಳಚಿ ಗಾಜಿನ ಮೇಲೆ ಒಗೆದ.

"ರೆಕ್ಸಿನ್ ಕೊಟ್ಟು ತೊಗಲು ಅಂದಿ. ಮೋಸ ಮಾಡಿದಿ."

ದಸ್ತಗೀರ ಕತ್ತರಿಯನ್ನು ಮುಂದೆ ಸರಿಸಿದ. "ಅಡ್ಡ ಕೊಯ್ದು ನೋಡ್ರಿ ಸರ್."

ವಿರೂಪಣ್ಣ ಕೊಯ್ಯಲಿಲ್ಲ. ತಪ್ಪೆಂದು ಗೀಟು ಹಾಕಿದ ಉತ್ತರವನ್ನು ಮತ್ತೊಮ್ಮೆ ನೋಡುವುದು ಅವನ ರೂಢಿಯಲ್ಲಿರಲಿಲ್ಲ. ಬೆಲ್ಟನ್ನು ಅಲ್ಲಿಯೇ ಬಿಟ್ಟು ಹೊರಬಿದ್ದ. ಒಂಬತ್ತು ಮಂದಿ ಬೇರೆ ಅಂಗಡಿಯಲ್ಲಿ ಗಡಿಯಾರ ಕೊಂಡರು. ಅವರ ಬಾಯಿಂದ ಮಾತು ಮೂರು ತಾಲ್ಲೂಕು ತಿರುಗಿ, ಹೆಸರಾಗಿ ದಸ್ತಗೀರನ ಬಾಗಿಲಿಗೇ ಬಂದು ನಿಂತಿತು.

*

ಸ್ನಾನ ಮುಗಿಸಿ ಬಂದ ಹಫೀಜನಿಗೆ ವಿರೂಪಣ್ಣ ಬೆಲ್ಟಿನ ಒಳಮೈಯನ್ನು ತೋರಿಸಿದ.

"ಗೊತ್ತದರೀ" ಎಂದ ಹಫೀಜ್. "ಅಬ್ಬಾ ದಿನಾ ಇದನ್ನೇ ಕಟ್ಟಿಕೊಂತಿದ್ರು. ಮಾನ್ವಿ ಸರ್ ಎಂದಾರ ಒಂದಿನ ಬರ್ತಾರ, ಬಂದಾಗ ಕೈ ಮುಂದ ಚಾಚಿದ್ರ ಸಾಕು, ಮಾತು ಬ್ಯಾಡ ಅಂತಿದ್ರು."

ಶವವಿಟ್ಟ ಜನಾಜಾ ಅಂಗಳಕ್ಕೆ ಬಂತು. ಮಾನ್ವಿಯಿಂದ ತಡವಾಗಿ ಬಂದ ಮಾಳಿಂಗಪ್ಪ ಬೆಲ್ಟನ್ನೂ ವಿರೂಪಣ್ಣನ ಮುಖವನ್ನೂ ಕಂಡು, ಅವನ ತೋಳು ಹಿಡಿದು ಪಿಸುಗುಟ್ಟಿದ: "ಮಾಸ್ತರ, ಸುಮ್ಕಿರ್ರಿ. ಮಣ್ಣಿನ ಹೊತ್ತಿನ್ಯಾಗ ಹಳೇ ಮಾತ್ಯಾಕ?"

ಹೆಗಲು ಕೊಡುವ ಮುನ್ನ ಹಫೀಜ್ ನೆರೆದವರತ್ತ ತಿರುಗಿ, ರೂಢಿಯಂತೆ ಮೊದಲು ದಖನಿ ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿಕೊಂಡ: ಅಬ್ಬಾನ ಬಾಯಿಂದಾಗಲಿ ಕೈಯಿಂದಾಗಲಿ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಬೇಕು. ಇಂಥ ಮಾತಿಗೆ ಜನ ತಲೆಯಾಡಿಸುತ್ತಾರೆ, ಆಡಿಸಿದರು. ಸತ್ತವನಿಗೆ ನೋವು ಮಾಡಿದವರು ಏನು ಮಾಡಬೇಕೆಂಬುದು ಆ ರೂಢಿಯಲ್ಲಿ ಇರಲಿಲ್ಲ. ವಿರೂಪಣ್ಣ ತೋಳು ಬಿಡಿಸಿಕೊಂಡು ಮುಂದೆ ಬಂದ.

"ತಪ್ಪಿದಾವ ನಾನು" ಎಂದ. ತರಗತಿಯಲ್ಲಿ ನಿಂತಂತೆ ನಿಂತಿದ್ದ. ಧ್ವನಿ ಮಾತ್ರ ತರಗತಿಯದಲ್ಲ. "ಇವ್ರು ತೊಗಲಂತ ಹೇಳಿ ರೆಕ್ಸಿನ್ ಕೊಟ್ರು ಅಂತ ಅಂದಾವ ನಾನು. ಇದು ಆ ಬೆಲ್ಟು. ಹೊಳಪು ಹನ್ನೊಂದು ತಿಂಗಳು ಬಾಳಿತು. ಅದು ಹ್ವಾದ ಮ್ಯಾಲ ತೊಗಲು ಹನ್ನೊಂದು ವರ್ಷ ಬಾಳೇದ. ಒಂದು ಹೊಲಿಗಿ ಬಿಚ್ಚಿಲ್ಲ. ಇವ್ರದು ಖರೆ ಇತ್ತು. ಆ ಹೆಸರು ಇನ್ನ ಯಾರೂ ಕರೀಬ್ಯಾಡ್ರಿ."

ಒಳಗೆ ದಸ್ತಗೀರನ ಹೆಂಡತಿ ಮಹಬೂಬೀಯ ಅಳು ಅರೆಗಳಿಗೆ ನಿಂತು ಮತ್ತೆ ಮೊದಲಾಯಿತು. ಜನಾಜಾ ಎದ್ದಿತು.

ಕಬ್ರಸ್ತಾನದಲ್ಲಿ ಎಲ್ಲರಂತೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ಕೈ ಒರೆಸಿಕೊಂಡು ಕೈಗಡಿಯಾರ ಹಿಂದಿರುಗಿಸಲು ಹೋದಾಗ ಹಫೀಜ್ ಅವನ ಬೆರಳುಗಳನ್ನು ಅದರ ಮೇಲೆಯೇ ಮಡಿಸಿದ.

ಬಸ್ ನಿಲ್ದಾಣದವರೆಗೂ ವಿರೂಪಣ್ಣ ಮನಸ್ಸಿನಲ್ಲಿ ಲೆಕ್ಕ ಕಳೆಯುತ್ತ ನಡೆದ. ಅಂದು ಕೇಳಿದವರು ಒಂಬತ್ತು. ತೀರಿಕೊಂಡವರು ಇಬ್ಬರು. ಇಂದು ಅಂಗಳದಲ್ಲಿ ನಲವತ್ತು ಜನರಿದ್ದರೇನು, ಆ ಒಂಬತ್ತರಲ್ಲಿ ಇದ್ದವನು ಮಾಳಿಂಗಪ್ಪ ಒಬ್ಬನೇ. ಹೇಳಿ ಬರಬೇಕಾದವರು ಇನ್ನೂ ಆರು, ಅವರಲ್ಲಿ ಹನುಮಂತ್ರಾಯ ದೇವದುರ್ಗದಲ್ಲಿದ್ದ.

ಮಾಳಿಂಗಪ್ಪ ಮಾನ್ವಿ ಬಸ್ಸಿನ ಕಿಟಕಿಯಿಂದ ಟವೆಲ್ಲು ತೂರಿಸಿ ಎರಡು ಸೀಟು ಹಿಡಿದಿದ್ದ. "ಬರ್ರಿ ಮಾಸ್ತರ."

"ಹನುಮಂತ್ರಾಯನ ಮನಿ ದೇವದುರ್ಗದಾಗ ಯಾವ ಓಣಿ?"

ಮಾಳಿಂಗಪ್ಪ ಅವನನ್ನೇ ನೋಡಿದ. ಓಣಿ ಹೇಳಿ, ಪಕ್ಕದ ಸೀಟಿನ ಮೇಲಿನ ಟವೆಲ್ಲು ತೆಗೆದ.

ದೇವದುರ್ಗದ ಬಸ್ಸು ತುಂಬಿತ್ತು. ವಿರೂಪಣ್ಣ ಸ್ಟೀಲ್ ಚೈನಿನ ತನ್ನ ವಾಚನ್ನು ಬಿಚ್ಚಿ ಜೇಬಿಗೆ ಹಾಕಿ ಬೆಲ್ಟಿನದನ್ನು ಕಟ್ಟಿಕೊಂಡ. ತನ್ನ ಕೈಗೆ ಹೊಂದುತ್ತಿದ್ದ ಹಳೆಯ ತೂತು ಮುಚ್ಚಿಕೊಳ್ಳುತ್ತ ಬಂದಿತ್ತು. ತುದಿಯ ಕಡೆಯದು ದಸ್ತಗೀರನ ದಪ್ಪ ಮಣಿಕಟ್ಟಿಗೆ ಹಿಗ್ಗಿ ಬೇವಿನ ಬೀಜದಷ್ಟು ಉದ್ದವಾಗಿತ್ತು. ಬಕಲಿನ ಮೊನೆಯನ್ನು ಅದರಲ್ಲಿಯೇ ಇಳಿಸಿದ. ಬಸ್ಸು ಕುಲುಕಿ ಹೊರಟಾಗ ಮೇಲಿನ ಕಂಬಿ ಹಿಡಿಯಲು ಕೈಯೆತ್ತಿದ. ಸಡಿಲವಾಗಿದ್ದ ಬೆಲ್ಟು ಮಣಿಕಟ್ಟಿನಿಂದ ಜಾರಿ, ಸುತ್ತ ನಿಂತವರಿಗೆಲ್ಲ ಕಾಣುವಂತೆ, ಮುಂಗೈಯ ನಡುವೆ ಬಂದು ನಿಂತಿತು.