ನಡುವೆ ನಿಂತ ಹಸು

ಸುಧೀಂದ್ರ ಮೇಷ್ಟ್ರು ಮಂಡ್ಯದ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳಿ ನಿವೃತ್ತರಾದವರು. ತತ್ವಶಾಸ್ತ್ರದ ಮೇಷ್ಟ್ರು ನಿವೃತ್ತರಾದರೆ ಊರಿಗೇನೂ ನಷ್ಟವಿಲ್ಲ, ಕಷ್ಟವೆಲ್ಲ ಮನೆಯವರಿಗೆ. ತರಗತಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳನ್ನು ಅವರು ಈಗ ಮದ್ದೂರಿನ ತಮ್ಮ ಅಡುಗೆಮನೆಯಲ್ಲಿ ಕೇಳುತ್ತಿದ್ದರು. ಹಾಲು ಒಡೆದರೆ ಬೇರೆಯವರು ಚೆಲ್ಲಿ ಸುಮ್ಮನಾಗುತ್ತಾರೆ. ಮೇಷ್ಟ್ರಿಗೆ ಯಾಕೆ ಒಡೆಯಿತು ಎಂದು ತಿಳಿಯಬೇಕು. ಹೆಂಡತಿ ವೇದವತಿ, "ಕಾರಣ ಆಮೇಲೆ ಹುಡುಕೋರಂತೆ, ಮೊದಲು ಹೋಗಿ ಹಾಲು ತನ್ನಿ" ಎಂದು ಚೀಲ ಕೈಗಿಡುತ್ತಿದ್ದರು.

ಈ ಚಾಳಿ ಅಂಟಿದ್ದು ಒಬ್ಬ ಪ್ರಾಚೀನ ಗ್ರೀಕ್ ತತ್ವಜ್ಞಾನಿಯಿಂದ. ಒಂದು ಸಂಗತಿ ಹೀಗಿದೆ ಎಂದು ಗೊತ್ತಿದ್ದ ಮಾತ್ರಕ್ಕೆ ಅದನ್ನು ಅರಿತಂತಲ್ಲ, ಯಾಕೆ ಹೀಗಿದೆ ಎಂದು ಗೊತ್ತಾದಾಗಲೇ ಅರಿವು ಎಂಬುದು ಆತನ ವಾದ. ಅದಕ್ಕೆ ಆತ ಗ್ರಹಣದ ಉದಾಹರಣೆ ಕೊಡುತ್ತಿದ್ದ. ಚಂದ್ರಗ್ರಹಣ ಎಂದರೆ ಏನು? ಭೂಮಿ ಅಡ್ಡ ಬಂದು ಚಂದ್ರನಿಗೆ ಬೆಳಕು ತಪ್ಪುವುದು. ಚಂದ್ರನಿಗೆ ಬೆಳಕು ಯಾಕೆ ತಪ್ಪಿತು? ಭೂಮಿ ಅಡ್ಡ ಬಂದದ್ದರಿಂದ. ಅಂದಮೇಲೆ ಒಂದು ವಸ್ತುವಿನ ತಿರುಳು ಯಾವುದು ಎಂಬುದಕ್ಕೂ ಅದು ಯಾಕೆ ಆಯಿತು ಎಂಬುದಕ್ಕೂ ಉತ್ತರ ಒಂದೇ! ಪಾಠ ಇಲ್ಲಿಗೆ ಬಂದಾಗ ಮೇಷ್ಟ್ರ ಮುಖ ಅರಳುತ್ತಿತ್ತು, ಹುಡುಗರು ಆಕಳಿಸುತ್ತಿದ್ದರು.

ಆಕಳಿಸದೆ ಕೇಳಿದವನು ಒಬ್ಬನೇ, ಹನಕೆರೆಯ ಮರಿಯಯ್ಯ. ಅವನು ವಿದ್ಯಾರ್ಥಿಯಲ್ಲ, ಮಂಡ್ಯದ ಕೋರ್ಟಿನಲ್ಲಿ ಹೆಸರು ಕೂಗುವ ಜವಾನ. ಬಾಗಿಲಲ್ಲಿ ನಿಂತು ಕಕ್ಷಿದಾರನ ಹೆಸರನ್ನೂ ಅವನ ಅಪ್ಪನ ಹೆಸರನ್ನೂ ಸೇರಿಸಿ, "ಇಂಥವನು ಬಿನ್ ಇಂಥವನು" ಎಂದು ಮೂರು ಸಲ ಕೂಗಿದನೆಂದರೆ ಹೊರಗಿನ ಹುಣಸೇಮರದ ಕೆಳಗೆ ಮಲಗಿದ್ದವನೂ ಎದ್ದು ಬರಬೇಕು, ಅಂಥ ಗಂಟಲು. ದಿನಾ ಬೆಳಿಗ್ಗೆ ಮದ್ದೂರಿನಲ್ಲಿ ರೈಲು ಹತ್ತುವ ಮೇಷ್ಟ್ರು ಪಕ್ಕದ ಸೀಟಿಗೆ ಟವೆಲ್ಲು ಹಾಕಿಟ್ಟಿರುತ್ತಿದ್ದರು. ಹನಕೆರೆಯಲ್ಲಿ ಮರಿಯಯ್ಯ ಹತ್ತಿ, ಟವೆಲ್ಲು ಮಡಿಸಿ ಕೊಟ್ಟು, "ಊಂ, ಯೋಳಿ ಮೇಷ್ಟ್ರೇ, ನಿಮ್ ಗ್ರೀಕಪ್ಪ ಏನಂದ?" ಎನ್ನುತ್ತಿದ್ದ.

ಗ್ರಹಣದ ಮಾತು ಕೇಳಿದ ದಿನ ಅವನು ಅಂದಿದ್ದ: "ಅಡ್ಡ ಬರ್ದೆ ಓದ್ರೆ ಗ್ರಾಣಾನೇ ಇಲ್ಲ ಅನ್ನಿ."

"ಇಲ್ಲ."

"ಮತ್ತೆ ಅಷ್ಟುದ್ದ ಯಾಕ್ ಯೋಳ್ಬೇಕು? ಅಡ್ಡ ಬಂದೋರ್ನ ಪಕ್ಕಕ್ ಸರೀರಿ ಅಂದ್ರೆ ಆಯ್ತಪ್ಪ."

ಮೇಷ್ಟ್ರು ಬಿದ್ದು ಬಿದ್ದು ನಕ್ಕಿದ್ದರು. ಅಂಥ ಮರಿಯಯ್ಯನೂ ನಿವೃತ್ತನಾದ. ರೈಲಿನ ಮಾತು ನಿಂತಿತು, ಫೋನಿನಲ್ಲಿ ಅಷ್ಟಿಷ್ಟು ಉಳಿಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಮರಿಯಯ್ಯನ ಹೆಂಡತಿ ಮರಿತಾಯಮ್ಮ ಮದ್ದೂರಿಗೆ ಬಂದು ಮೇಷ್ಟ್ರ ಮನೆಯ ಜಗುಲಿಯಲ್ಲಿ ಕೂತಳು. ವೇದವತಿ ಕೊಟ್ಟ ಕಾಫಿ ಲೋಟದಲ್ಲೇ ಆರಿತು.

"ಕೆಂಪಿ ಓಗ್ಬುಡ್ತು ಮೇಷ್ಟ್ರೇ" ಎಂದಳು.

ಕೆಂಪಿ ಅವರ ಮನೆಯ ಹಸು. ವಯಸ್ಸಾಗಿತ್ತು, ಸತ್ತಿತು, ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ಹಸು ಸತ್ತರೆ ದುಃಖವಾಗುವುದು ಸಹಜ. ಆದರೆ ಮರಿತಾಯಮ್ಮನ ದುಃಖ ಬೇರೆಯದೇ ಇತ್ತು. ಅವಳು ಹೇಳಿದ್ದನ್ನು ಕೇಳಿ ಮೇಷ್ಟ್ರು ಬೆರಗಾದರು.

ಮರಿಯಯ್ಯನೂ ಅವನ ಒಬ್ಬನೇ ಮಗ ರಾಜೇಂದ್ರನೂ ಎಂಟೊಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಒಂದೇ ಸೂರು, ಒಂದೇ ಒಲೆ, ಮಾತಿಲ್ಲ. ಮೊದಮೊದಲು ತಾಯಮ್ಮನೇ ಇವನದ್ದನ್ನು ಅವನಿಗೆ, ಅವನದ್ದನ್ನು ಇವನಿಗೆ ತಲುಪಿಸುತ್ತಿದ್ದಳು. ಒಂದು ದಿನ ರೇಗಿ, "ನಾನೇನು ನಿಮ್ಮಿಬ್ರ ಮಧ್ಯದ ಟಪಾಲಾ?" ಎಂದು ಕೈತೊಳೆದುಕೊಂಡಳು. ಆಗ ಅಪ್ಪ ಮಗ ಹಸುವನ್ನು ಹಿಡಿದರು. ಅಪ್ಪ ಕೊಟ್ಟಿಗೆಯ ಕಡೆ ತಿರುಗಿ, "ಯೇ ಕೆಂಪಿ, ಗದ್ದೆಗೆ ನೀರ್ ಕಟ್ಟೋರು ಇನ್ನೂ ಮನಗವ್ರಲ್ಲೇ!" ಎನ್ನುವನು. ಒಳಗಿನಿಂದ ಮಗ, "ಕಟ್ಟಾಯ್ತು ಕಣೇ ಕೆಂಪಿ, ಎದ್ದೋಗಿ ನೋಡ್ಕಬರಾಕ್ ಯೋಳು" ಎನ್ನುವನು. ಮಳೆ, ಬೆಳೆ, ಚುನಾವಣೆ, ಕ್ರಿಕೆಟ್ಟು, ಅಪ್ಪನ ಬಿಪಿ ಮಾತ್ರೆ ಎಲ್ಲವೂ ಕೆಂಪಿಯ ಮೂಲಕವೇ. ಪಾಪದ ಪ್ರಾಣಿ ಮೆಲುಕು ಹಾಕುತ್ತ ಎಲ್ಲ ಕೇಳಿಸಿಕೊಳ್ಳುತ್ತಿತ್ತು.

"ಈಗ ಮನೇಲಿ ಸದ್ದೇ ಇಲ್ಲ. ಉಣ್ಣೋವಾಗ ತಟ್ಟೆ ಸದ್ದು, ಅಷ್ಟೇಯ. ನನ್ ಮಗ ಕಂಡಕ್ಟ್ರು ಕೆಲ್ಸಾನ ತಾನೇ ಕೇಳಿ ಮಳವಳ್ಳಿಗೆ ಆಕ್ಸ್ಕಂಡವ್ನೆ. ಅಲ್ಲೇ ರೂಮೂ ಮಾಡವ್ನೆ. ಸೋಮವಾರ ಓಯ್ತನೆ. ಇಂಗ್ ಓದೋನು ಮತ್ತೆ ಈ ವಸ್ಲು ತುಳೀತನಾ ಮೇಷ್ಟ್ರೇ?"

"ಮಾತು ಬಿಟ್ಟಿದ್ದು ಯಾಕೆ?" ಎಂದರು ಮೇಷ್ಟ್ರು. ಅವರಿಗೆ ಬೇಕಾದದ್ದು ಅದೇ.

"ಕೋರ್ಟ್ನಲ್ಲಿ ಏನೋ ಆಯ್ತಂತೆ. ಇಬ್ರೂ ಬಾಯ್ ಬುಡಕಿಲ್ಲ."

ಮೇಷ್ಟ್ರಿಗೆ ಹುರುಪು ಬಂತು. ಕಾರಣ ಸಿಕ್ಕಿತೆಂದರೆ ಅರ್ಧ ಕೆಲಸವಾದಂತೆ ಎಂದುಕೊಂಡು ಅವತ್ತೇ ಹನಕೆರೆಗೆ ಹೊರಟರು. ಲೋಕದ ಯಾಕೆಗಳನ್ನೆಲ್ಲ ರೈಲಿನಲ್ಲಿ ಕೆದಕಿದ ಗೆಳೆಯ ತನ್ನ ಮನೆಯದನ್ನು ಮಾತ್ರ ಬಾಯಿಬಿಡಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಸ್ವಲ್ಪ ಮುನಿಸೂ ಇತ್ತು.

ರಾಜೇಂದ್ರ ಖಾಲಿ ಕೊಟ್ಟಿಗೆಯನ್ನು ತೊಳೆಯುತ್ತಿದ್ದ. ಕೇಳಿದ್ದೇ ತಡ ಹೇಳಿಬಿಟ್ಟ. ಮನೆಯವರಿಗೆ ಹೇಳಲಾಗದ್ದನ್ನು ಹೊರಗಿನವರಿಗೆ ಹೇಳುವುದು ಸುಲಭವಾಯಿತೋ ಏನೋ.

ಆಗ ಅವನು ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಬಸ್ಸಿನಲ್ಲಿ ಸೀಟಿಗಾಗಿ ಇಬ್ಬರು ಹೊಡೆದಾಡಿ ಕೇಸಾಗಿ, ಇವನು ಸಾಕ್ಷಿ. ಕೋರ್ಟಿಗೆ ಹೋದ. ಇವನ ಸರದಿ ಬರುವುದು ತಡವೆಂದು ಯಾರೋ ಅಂದದ್ದಕ್ಕೆ ಕೋರ್ಟಿನ ಬಾಗಿಲೆದುರಿನ ಕ್ಯಾಂಟೀನಿನಲ್ಲಿ ಟೀ ಹಿಡಿದು ಕೂತ. ಅಷ್ಟರಲ್ಲಿ ಅಪ್ಪನ ಗಂಟಲು ಕೇಳಿಸಿತು, "ರಾಜೇಂದ್ರ ಬಿನ್ ಮರಿಯಯ್ಯಾ!"

"ಹುಟ್ಟಿದಾಗಿಂದ ಕೇಳಿದ್ ಧ್ವನಿ ಸಾರ್. ಕೋರ್ಟು ಅನ್ನೋದೇ ಮರ್ತೋಯ್ತು. ಮನೇಲಿ ಕರೀತಾವ್ನೆ ಅಂದ್ಕಂಡು, ಕೂತಿದ್ದ ಕಡೆಯಿಂದ್ಲೇ, 'ಬಂದೆ ಇರಪ್ಪೋ, ಟೀ ಕುಡೀತಾವ್ನಿ' ಅಂತ ಕೂಗ್ಬುಟ್ಟೆ."

ಕೋರ್ಟಿಗೆ ಕೋರ್ಟೇ ನಕ್ಕಿತು. ವಕೀಲರು ಮೇಜು ಬಡಿದು ನಕ್ಕರು. ನ್ಯಾಯಾಧೀಶರು ಮಾತ್ರ ನಗಲಿಲ್ಲ. "ಏನ್ರೀ ಮರಿಯಯ್ಯ, ಇದು ಕೋರ್ಟೋ ನಿಮ್ಮನೆ ಜಗುಲಿಯೋ?" ಎಂದು ಎಲ್ಲರೆದುರು ಕೇಳಿದರು. ಅಲ್ಲಿಗೆ ಸೋತಿತು ಮರಿಯಯ್ಯನ ಮುಖ. ತನ್ನ ಗಂಟಲಿಗೆ ಇಡೀ ಜಿಲ್ಲೆ ಎದ್ದು ಬರುತ್ತದೆ ಎಂಬ ಹೆಮ್ಮೆಯವನು, ಆ ಗಂಟಲನ್ನು ಹೆತ್ತ ಮಗನೇ ನಗೆಪಾಟಲು ಮಾಡಿದ.

ಮೇಷ್ಟ್ರು ಜಗುಲಿಗೆ ಬಂದು ಗೆಳೆಯನ ಪಕ್ಕ ಕೂತರು. ಗೊತ್ತಾದುದನ್ನು ಮರೆಮಾಡಲಿಲ್ಲ.

"ಊಂ, ಅದೇಯ" ಎಂದ ಮರಿಯಯ್ಯ. "ಅವತ್ತೇ ಅಂದ್ಕಂಡೆ, ಇನ್ಮೇಲೆ ಅವನೆಸ್ರು ಕರೆಯಾಕಿಲ್ಲ ಅಂತ."

"ಅವನು ಬೇಕಂತ ಮಾಡಿದ್ದಲ್ಲವಲ್ಲ ಮರಿಯಯ್ಯ."

"ಅಲ್ಲ ಅಂತ ನಂಗೊತ್ತಿಲ್ವಾ? ಅವತ್ತು ಸಂಜೇನೇ ಗೊತ್ತಿತ್ತು. ಆದ್ರೆ ಕರೆಯಾಕಿಲ್ಲ ಅಂತ ಅಂದಾಗೋಯ್ತಲ್ಲ."

"ಅವನದೇನು ಹಟ?"

"ನಾನ್ ಕರೀಲಿ ಅಂತ ಕಾಯ್ತವ್ನೆ."

ಮೇಷ್ಟ್ರ ಉತ್ಸಾಹ ಇಳಿದುಹೋಯಿತು. ಕಾರಣ ಗೊತ್ತಾದರೆ ಗಂಟು ಬಿಚ್ಚುತ್ತದೆ ಎಂದು ಬಂದರೆ, ಕಾರಣ ಇಬ್ಬರಿಗೂ ಮೊದಲಿನಿಂದಲೂ ಗೊತ್ತಿದೆ. ಗೊತ್ತಿದ್ದೂ ಇಬ್ಬರೂ ಹಾಗೇ ಕೂತಿದ್ದಾರೆ. ಜೀವಮಾನವೆಲ್ಲ ಹೇಳಿದ ಪಾಠ ಈ ಜಗುಲಿಯ ಮೇಲೆ ಕೆಲಸಕ್ಕೆ ಬಾರದೆ ಹೋಯಿತಲ್ಲ ಎಂದು ಅವರಿಗೆ ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ಹಿತ್ತಿಲಿನ ತೊಟ್ಟಿ ತುಂಬಿ ನೀರು ಹೊರಗೆ ಹರಿಯತೊಡಗಿತು. ಮೋಟಾರಿನ ಸ್ವಿಚ್ಚು ಇದ್ದದ್ದು ರಾಜೇಂದ್ರನ ಕೈಗೆಟುಕುವಷ್ಟು ಹತ್ತಿರ. ಅವನು ಆ ಕಡೆ ಮುಖ ಮಾಡಿ ಪೊರಕೆ ಆಡಿಸುತ್ತಿದ್ದ. ಮರಿಯಯ್ಯ ಕೊಟ್ಟಿಗೆಯ ಕಡೆ ತಿರುಗಿ, "ಯೇ ಕೆಂ..." ಎಂದ. ಗೂಟ ಖಾಲಿಯಿತ್ತು. ಬಾಯಿ ತೆರೆದದ್ದು ತೆರೆದಂತೆಯೇ ಒಂದು ಕ್ಷಣ ನಿಂತು, ಮೊಣಕಾಲು ಹಿಡಿದುಕೊಂಡು ಎದ್ದು, ತಾನೇ ಹೋಗಿ ಸ್ವಿಚ್ಚು ಆರಿಸಿ ಬಂದ.

ಮೇಷ್ಟ್ರು ಅದನ್ನು ನೋಡಿದರು. ಚಂದ್ರನ ಮೇಲೆಯೇ ನಿಂತು ನೋಡುವವನಾಗಿದ್ದರೆ ಗ್ರಹಣ ಯಾಕೆ ಎಂದು ಕೇಳಬೇಕಾಗಿಯೇ ಇರಲಿಲ್ಲ, ಅಡ್ಡ ಬರುವುದು ಕಣ್ಣಿಗೇ ಕಾಣುತ್ತಿತ್ತು ಎಂದೂ ಆ ಗ್ರೀಕ್ ಹೇಳಿದ್ದ. ಆ ಮಾತು ಅವರಿಗೆ ಈಗ ಮೈಗೆ ತಾಗಿತು. ಇವರಿಬ್ಬರು ಮಾತು ಬಿಟ್ಟವರೇ ಅಲ್ಲ! ಇಷ್ಟು ವರ್ಷವೂ ದಿನಾ ಹೊಟ್ಟೆ ತುಂಬ ಮಾತಾಡಿದ್ದಾರೆ. ಬಿಟ್ಟದ್ದು ಒಂದೇ ಒಂದು, ಮಗನ ಹೆಸರು. ಈ ಮುನಿಸಿನ ತಿರುಳು ಅಷ್ಟೇ. ಕೋರ್ಟಿನಲ್ಲಿ ನಡೆದದ್ದು ಮುನಿಸು ಹುಟ್ಟಿದ ಕಥೆ. ಅದು ಇಷ್ಟು ವರ್ಷ ಉಳಿದದ್ದು ಯಾಕೆಂದರೆ, ಹೆಸರು ಕರೆಯದೆಯೂ ಕೆಲಸ ನಡೆಯುವಂತೆ ಆ ಬಡ ಹಸು ನಡುವೆ ನಿಂತಿತ್ತು.

ಹೊರಡುವಾಗ ಮರಿತಾಯಮ್ಮ ಬೇಲಿಯ ಹತ್ತಿರ ಹಿಡಿದಳು. "ನನ್ ತಮ್ಮ ಮಳವಳ್ಳಿ ಕಡೆ ಒಂದು ಅಸ ನೋಡವ್ನೆ. ಭಾನುವಾರಕ್ಕೆ ಒಡ್ಕಬರ್ಲಾ ಅಂತವ್ನೆ. ತರ್ಸ್ಬುಡ್ಲಾ? ಮಗ ಓಗೋದು ನಿಂತ್ರೂ ನಿಂತಾತು."

"ತರಿಸಬೇಡಿ ತಾಯಮ್ಮ" ಎಂದರು ಮೇಷ್ಟ್ರು.

"ಆಂ?"

"ಹಸು ಬೇಡ. ಎಮ್ಮೆ, ಆಡು, ನಾಯಿ ಯಾವುದೂ ಬೇಡ. ನೀವೂ ನಡುವೆ ಹೋಗಬೇಡಿ. ಒಂದು ಮಾತನ್ನೂ ದಾಟಿಸಬೇಡಿ."

ಅವಳು ಅವರನ್ನೇ ದಿಟ್ಟಿಸಿದಳು. "ಇದ್ದ ಒಂದ್ ದಾರೀನೂ ಮುಚ್ಚು ಅಂತೀರಲ್ಲ. ನನ್ ಮಗ ಓಗ್ಬುಟ್ರೆ ನಿಮ್ ಗ್ರೀಕಪ್ಪ ತಂದ್ಕೊಟ್ಟನಾ?"

ಮನೆಗೆ ಬಂದ ಮೇಷ್ಟ್ರಿಗೆ ಊಟ ಸೇರಲಿಲ್ಲ. ಪುಸ್ತಕದಲ್ಲಿ ತಪ್ಪಿದರೆ ಅಡಿಟಿಪ್ಪಣಿ ಹಾಕಿ ತಿದ್ದಬಹುದು, ಇಲ್ಲಿ ತಪ್ಪಿದರೆ ಒಬ್ಬ ತಾಯಿ ಮಗನನ್ನು ಕಳೆದುಕೊಳ್ಳುತ್ತಾಳೆ. "ಬೇರೆಯವರ ಕೊಟ್ಟಿಗೇಲಿ ನಿಮ್ಮ ಪಾಠ ಬೇಕಿತ್ತೇನ್ರೀ?" ಎಂದರು ವೇದವತಿ. ಹಾಗಂದರೂ ಸೋಮವಾರ ಬೆಳಿಗ್ಗೆ ಬೇಗ ಎದ್ದು ಕಾಫಿ ಮಾಡಿ, ಗಂಡನನ್ನು ಹನಕೆರೆಗೆ ಕಳಿಸಿದವರೂ ಅವರೇ.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ರಾಜೇಂದ್ರ ಕೂತಿದ್ದ. ಕಾಲ ಬಳಿ ದೊಡ್ಡ ಚೀಲ, ಪಕ್ಕದಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿಡಬ್ಬಿ. ಮೇಷ್ಟ್ರನ್ನು ಕಂಡು ಎದ್ದು ನಿಂತು ನಕ್ಕ, ಆದರೆ ನಗೆ ಕಣ್ಣಿಗೆ ಹತ್ತಲಿಲ್ಲ. ಸ್ವಲ್ಪ ದೂರದಲ್ಲಿ, ತಾನೇನೋ ಬೇರೆ ಕೆಲಸಕ್ಕೆ ಬಂದವನಂತೆ, ಮರಿಯಯ್ಯ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಿಂತಿದ್ದ. ರಸ್ತೆಯನ್ನು ನೋಡುತ್ತಿದ್ದ, ಮಗನನ್ನು ನೋಡುತ್ತಿರಲಿಲ್ಲ.

ಮಳವಳ್ಳಿಗೆ ಹೋಗಲು ಮೊದಲು ಹಿಡಿಯಬೇಕಾದ ಮದ್ದೂರಿನ ಬಸ್ಸು ತುಂಬಿಕೊಂಡು ಬಂತು. ನೂಕುನುಗ್ಗಲಿನಲ್ಲಿ ರಾಜೇಂದ್ರ ಚೀಲವನ್ನು ಎತ್ತಿ ಒಳಗೆ ದೂಡಿ ತಾನೂ ಹತ್ತಿದ. ಬಸ್ಸು ಕದಲಿತು. ಕಲ್ಲುಬೆಂಚಿನ ಮೇಲೆ ಬುತ್ತಿಡಬ್ಬಿ ಅಲ್ಲೇ ಉಳಿದಿತ್ತು.

ಮರಿಯಯ್ಯ ಡಬ್ಬಿಯನ್ನು ನೋಡಿದ, ಬಸ್ಸನ್ನು ನೋಡಿದ. ಬಗ್ಗಿ ಡಬ್ಬಿ ಎತ್ತಿಕೊಂಡು ಬೇರೆ ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ಹುಡುಕಿದ. ಕೊನೆಗೆ ಗೆಳೆಯನ ಕಡೆ ತಿರುಗಿದ.

"ಮೇಷ್ಟ್ರೇ, ಮೇಷ್ಟ್ರೇ, ಅವ್ನಿಗ್ ಯೋಳಿ, ಬುತ್ತಿ ಬುಟ್ಟವ್ನೆ ಅಂತ!"

ಸುಧೀಂದ್ರ ಮೇಷ್ಟ್ರಿಗೆ ಕೂಗು ಬಾಯಿಯವರೆಗೆ ಬಂದಿತ್ತು. ಕೂಗಿದ್ದರೆ ಕೇಳಿಸುತ್ತಲೂ ಇತ್ತು. ಹಲ್ಲು ಕಚ್ಚಿ ಅವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ರಸ್ತೆಯಾಚೆ ಹೋಗುತ್ತಿದ್ದ ಕಬ್ಬಿನ ಲಾರಿಯನ್ನು ನೋಡುತ್ತ ನಿಂತುಬಿಟ್ಟರು. ಗೆಳೆಯನಿಗೆ ಬೆನ್ನು ಮಾಡಿದ್ದು ಅದೇ ಮೊದಲು.

ಬಸ್ಸು ಗೇರು ಬದಲಿಸಿತು. ಆಗ ಎದ್ದಿತು ಆ ಗಂಟಲು.

"ರಾಜೇಂದ್ರ ಬಿನ್ ಮರಿಯಯ್ಯಾ...!"

ಚಹಾ ಅಂಗಡಿಯವನು ಲೋಟ ಹಿಡಿದೇ ಹೊರಗೆ ಬಂದ. ಬಸ್ಸು ನಿಲ್ಲಲಿಲ್ಲ.

"ರಾಜೇಂದ್ರ ಬಿನ್ ಮರಿಯಯ್ಯಾ...!"

ಬಸ್ಸು ತಿರುವಿನ ಹತ್ತಿರಕ್ಕೆ ಹೋಯಿತು. ಮೂರನೆಯ ಕೂಗಿಗೆ ಕೋರ್ಟಿನ ಗತ್ತೂ ಇರಲಿಲ್ಲ, ಬಿನ್ನೂ ಇರಲಿಲ್ಲ. "ರಾಜೇಂದ್ರಾ..." ಎಂದಷ್ಟೇ, ಅದೂ ನಡುವೆ ಒಡೆದುಹೋಯಿತು.

ಬಸ್ಸಿನ ಬಾಗಿಲಿಂದ ಒಂದು ತಲೆ ಹೊರಗೆ ಬಂತು. "ಬಂದೆ ಇರಪ್ಪೋ!"

ವಿಷಲ್ಲು ಊದಿತು, ಬಸ್ಸು ನಿಂತಿತು, ಒಳಗಿದ್ದವರು ಗೊಳ್ಳೆಂದು ನಕ್ಕರು. ಮರಿಯಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಒರೆಸಿದಷ್ಟೂ ಒದ್ದೆಯಾಯಿತು. ರಾಜೇಂದ್ರ ಓಡಿ ಬಂದು ಏದುಸಿರು ಬಿಡುತ್ತ ಎದುರಿಗೆ ನಿಂತ.

"ಎಷ್ಟೊತ್ತು ಕೂಗ್ಬೇಕ್ಲಾ ನಿಂಗೆ? ಕಿವಿ ಕೇಳ್ಸಾಕಿಲ್ವಾ?"

"ಮೊದ್ಲ್ನೇದ್ಕೇ ಕೇಳುಸ್ತು ಕಣಪ್ಪ."

"ಮತ್ತೆ?"

"ಇನ್ನೊಂದ್ಸಲ ಕೇಳನ ಅನ್ನುಸ್ತು."

ಮರಿಯಯ್ಯ ಡಬ್ಬಿಯನ್ನು ಮುಂದೆ ಚಾಚಿದ. ಮಗ ಹಿಡಿದುಕೊಂಡ. ಅಪ್ಪ ಬಿಡಲಿಲ್ಲ.

"ಸಂಜೀಕೆ ಬತ್ತೀಯೇನ್ಲಾ?"

ಬಸ್ಸಿನ ಡ್ರೈವರು ಹಾರನ್ನು ಒತ್ತುತ್ತಿದ್ದ. ರಾಜೇಂದ್ರ ಆ ಕಡೆ ನೋಡಲೂ ಇಲ್ಲ.

"ಕರುದ್ಯಲ್ಲಪ್ಪ" ಎಂದ. "ಬತ್ತೀನಿ."