ದೋಣಿಯವರ ಉತ್ತರ

ಆಬಿದಾ ಚರ್ಚಿನ ಹಿಂಬಾಗಿಲ ಬಳಿ ಕೋಟು ಕೂಡ ಬಿಚ್ಚದೆ ನಿಂತು, ಕ್ವಾಯರ್‌ನವರಿಗೆ ಹಂಚಲು ಇಟ್ಟಿದ್ದ ಹಾಡಿನ ಪ್ರತಿಯೊಂದರ ಪುಟ ತಿರುವಿದಳು. ನಾಲ್ಕನೆಯ ಪುಟವನ್ನು ಎರಡೆರಡು ಸಲ ನೋಡಿದಳು. ಖಾಲಿ ಜಾಗಗಳೇ ಇಲ್ಲ. ನಿನ್ನೆಯ ಗಡಿಬಿಡಿಯಲ್ಲಿ ಅವಳು ಚರ್ಚಿಗೆ ಇಮೇಲ್ ಮಾಡಿದ್ದು ಹಳೆಯ, ತಪ್ಪಾದ ಫೈಲು.

“ಏನಾಯ್ತು?” ಎಂದ ಗಂಡ ಅಯೂಬ್.

“ಪ್ರೊಫೆಸರ್ ಬಿಟ್ಟಿದ್ದ ಜಾಗ ಎಲ್ಲ ಮುಚ್ಚಿಹೋಗಿದೆ ರೀ. ನಂದೇ ತಪ್ಪು. ಇನ್ನೂ ಇಪ್ಪತ್ತು ನಿಮಿಷ ಇದೆ. ಕಾರಲ್ಲಿ ಪೆನ್ಸಿಲ್ ಇದೆಯಾ ನೋಡಿ.”

ಒಳಗೆ ಶವಪೆಟ್ಟಿಗೆಯಲ್ಲಿ ಪ್ರೊಫೆಸರ್ ಎಬೊ ಮೆನ್ಸಾ ಮಲಗಿದ್ದರು. ಘಾನಾ ದೇಶದ ಕಡಲೂರೊಂದರಲ್ಲಿ ಹುಟ್ಟಿ, ಚರ್ಚಿನ ಆರ್ಗನ್ ನುಡಿಸುತ್ತ ಬೆಳೆದು, ಲಂಡನ್ನಿನಲ್ಲಿ ಕಲಿತು, ಮೂವತ್ತು ವರ್ಷ ಮ್ಯಾನ್‌ಹಟನ್ ಬಳಿಯ ಈ ಪಿಸ್ಕಾಟವೇ ಊರಿನ ಮಕ್ಕಳಿಗೆ ಪಿಯಾನೋ ಹೇಳಿಕೊಟ್ಟವರು. ಉಳಿದ ಹೊತ್ತಿನಲ್ಲೆಲ್ಲ ಸಂಗೀತ ಬರೆದರು. ಅದರಲ್ಲಿ ಇಪ್ಪತ್ತು ವರ್ಷ ಒಂದೇ ಆಪೆರಾಕ್ಕೆ, ಹಾಡಿನಲ್ಲೇ ನಡೆಯುವ ಒಂದು ನಾಟಕಕ್ಕೆ, ಹೋಯಿತು. ಮ್ಯಾನ್‌ಹಟನ್ನಿನ ಸಣ್ಣ ಕಂಪನಿಯೊಂದು ಅದನ್ನು ರಂಗಕ್ಕೆ ತರಲು ಒಪ್ಪಿಯೂ ಇತ್ತು. 2008ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳು ಮುಗ್ಗರಿಸಿದವು, ದಾನಿಗಳು ಕೈಯೆತ್ತಿದರು, ಕಂಪನಿಗೆ ಬೀಗ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೆಬ್ರವರಿಯಲ್ಲಿ ಅವರ ಹೃದಯವೂ ನಿಂತಿತು. ಆ ಆಪೆರಾದ ಒಂದು ಹಾಡು, ಎಂಟೇ ಎಂಟು ನಿಮಿಷದ್ದು, ಇವತ್ತು ಮೊದಲ ಸಲ ಜನರ ಕಿವಿಗೆ ಬೀಳಲಿತ್ತು.

* * *

ಆಬಿದಾಳಿಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಬರುತ್ತಿದ್ದುದು ಅವಳ ಅಬ್ಬಾನ ಪುಣ್ಯ. ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಅವರು ಬ್ಯಾಂಡಿನ ಪುಸ್ತಕಗಳನ್ನು ಮಗಳ ಕೈಯಲ್ಲೇ ನಕಲು ಮಾಡಿಸುತ್ತಿದ್ದರು. ನಾಲ್ಕು ಮನೆ ಆಚೆಯ ಪ್ರೊಫೆಸರಿಗೆ ಇದು ತಿಳಿದದ್ದೇ ತಡ, ವಾರಕ್ಕೆ ಮೂರು ದಿನ ಕಾಗದದ ಕಟ್ಟು ಹಿಡಿದು ಬರತೊಡಗಿದರು. ಕಂಪನಿ ಮುಚ್ಚಿದ ಮೇಲೂ ಬರುವುದನ್ನು ಬಿಡಲಿಲ್ಲ. ಊಟದ ಮೇಜಿನ ಮುಂದೆ ಅವರು ಗುನುಗುತ್ತಿದ್ದರು, ಅವಳು ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಬ್ಯಾಂಕಿನ ಕೆಲಸ ಕಳೆದುಕೊಂಡು ಮನೆ ಹಿಡಿದಿದ್ದ ಅಯೂಬ್ ಚಹಾ ತಂದಿಡುತ್ತಿದ್ದ.

“ನಂಗೆ ಸಂಗೀತದ ಗಂಧಗಾಳಿ ಇಲ್ಲ ಪ್ರೊಫೆಸರ್,” ಎನ್ನುತ್ತಿದ್ದ.

“ಒಳ್ಳೇದೇ ಆಯ್ತು. ಗೊತ್ತಿರೋರು ಬರೀ ತಪ್ಪು ಹುಡುಕ್ತಾರೆ.”

ಇವತ್ತಿನ ಈ ಹಾಡಿನ ನಡುವೆ ಮೂರು ಕಡೆ ಅವರು ಏನೂ ಬರೆಯದೆ ಜಾಗ ಬಿಟ್ಟಿದ್ದರು. ಸ್ವರಲಿಪಿಯಲ್ಲಿ ಮೌನಕ್ಕೂ ಒಂದು ಗುರುತು ಇರುತ್ತದೆ. ಗುರುತೂ ಇಲ್ಲದ ಖಾಲಿ ಎಂದರೆ ನಕಲು ಮಾಡಿದವರ ಕೈಮರೆವು. ಹಾಗೆ ಬಿಟ್ಟರೆ ಅಬ್ಬಾ ಕಿವಿ ಹಿಂಡುತ್ತಿದ್ದರು. ಆಬಿದಾ ಮೂರನ್ನೂ ಅಳಿಸಿ ಸಾಲು ಕೂಡಿಸಿದಳು.

ಪ್ರೊಫೆಸರ್ ಬಯ್ಯಲಿಲ್ಲ. “ಇದು ದಡದಲ್ಲಿ ನಿಂತ ಹೆಂಗಸರು ಕಡಲಿನ ಕಡೆ ಕೂಗೋ ಹಾಡು, ಆಬಿದಾ. ಖಾಲಿ ಜಾಗ ದೋಣಿಯವರದ್ದು. ಅದನ್ನ ಕೇಳ್ತಾ ಕೂತವರು ಹಾಡಬೇಕು. ನಮ್ಮೂರ ಚರ್ಚಲ್ಲಿ ಉಪದೇಶ ನಡೀತಿದ್ದ ಹಾಗೇ ಮುದುಕಿಯರು ಹಾಡು ಎತ್ತಿಬಿಡೋರು, ಉಳಿದವರು ಉತ್ತರ ಕೊಡೋರು.” ಮೂರೇ ಸ್ವರದ ಆ ಉತ್ತರವನ್ನು, ಮೇಲಿನಿಂದ ಕೆಳಗಿಳಿಯುವ ‘ಓ’ಕಾರವನ್ನು, ಅವರು ಮೇಜು ತಟ್ಟುತ್ತ ಹಾಡಿ ತೋರಿಸಿದರು.

“ಇಲ್ಲಿ ಯಾರಾದ್ರೂ ಹಾಡಿದಾರಾ?”

“ಹಾಡೋಕೆ ಎಲ್ಲಿ ಬಿಟ್ರು? ನನ್ನ ಯಾವ ಕೃತಿ ಮಾಡಿದ್ರೂ ಮೊದಲು ಕತ್ತರಿಸೋದೇ ಇಂಥ ಜಾಗ. ಜನಕ್ಕೆ ಮುಜುಗರ ಆಗುತ್ತಂತೆ.” ಅವರು ಚಹಾದ ಕಪ್ಪು ಕೈಗೆತ್ತಿಕೊಂಡರು. “ಒಂದ್ಸಲ ಕೇಳ್ಬೇಕು ಅಂತ ಆಸೆ, ಅಷ್ಟೇ.”

ಆಬಿದಾ ಮೂರೂ ಜಾಗ ಮತ್ತೆ ಬಿಡಿಸಿದಳು. ಅವತ್ತೇ ಸರಿಮಾಡಿ ಬೇರೆ ಫೈಲಿನಲ್ಲಿ ಇಟ್ಟಳು. ಹಳೆಯದನ್ನು ಅಳಿಸಲು ಮಾತ್ರ ಮರೆತಳು.

* * *

“ಆಂಟಿ, ಪ್ಲೀಸ್ ಬೇಡ,” ಎಂದ ರಾಜ್, ಆಬಿದಾಳ ಕೈಯ ಪೆನ್ಸಿಲ್ ನೋಡಿ. ಇದೇ ಸೀಮೆಯ ಪಾರ್ಸಿಪನಿ ಊರಿನಲ್ಲೇ ಹುಟ್ಟಿ ಬೆಳೆದ ಅವನು ಪ್ರೊಫೆಸರರ ಹಳೆಯ ಶಿಷ್ಯ. ಇವತ್ತು ಕ್ವಾಯರ್ ನಡೆಸುವವನು ಅವನೇ. “ಬೆಳಿಗ್ಗೆ ಎಲ್ಲೂ ನಿಲ್ಲಿಸದೆ ಹೀಗೇ ಪ್ರ್ಯಾಕ್ಟೀಸ್ ಮಾಡಿದೀವಿ. ನಾವು ನಿಲ್ಲಿಸ್ತೀವಿ, ಯಾರೂ ಹಾಡಲ್ಲ, ಎಲ್ಲ ಪಿಳಿಪಿಳಿ ಅಂತ ನೋಡ್ತಾರೆ. ಇಟ್ಸ್ ಹಿಸ್ ಫ್ಯೂನರಲ್, ಆಂಟಿ. ಇವತ್ತೇ ಎಡವಟ್ಟು ಮಾಡ್ಬೇಕಾ?”

ಪ್ರೊಫೆಸರರ ಹೆಂಡತಿ ಎಫುವಾ ಕಪ್ಪು ಬಟ್ಟೆಯಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಆಬಿದಾ ಮುಚ್ಚುಮರೆಯಿಲ್ಲದೆ ತನ್ನ ತಪ್ಪು ಹೇಳಿಕೊಂಡಳು.

“ಅವರು ಜೀವಮಾನವಿಡೀ ಕಾದರು,” ಎಂದರು ಎಫುವಾ. “ಸ್ವಲ್ಪ ಹೊತ್ತಿನ ಮುಜುಗರ ನಾವು ತಡ್ಕೊಳ್ಳೋಣ. ಯಾರೂ ಹಾಡದಿದ್ರೆ ನಾನಿದೀನಿ.”

ಮೂವತ್ತು ಪ್ರತಿ, ಒಂದೊಂದರಲ್ಲಿ ಮೂರು ಕಡೆ. ಆಬಿದಾ ಪೆನ್ಸಿಲಿನಿಂದ ‘ನಿಲ್ಲಿ’ ಎಂಬುದಕ್ಕೆ ಎರಡೆರಡು ಗೀಟು ಎಳೆಯುತ್ತ ಹೋದಳು. ಸ್ವರಗಳ ತಲೆಬುಡ ತಿಳಿಯದ ಅಯೂಬ್ ಅವಳ ಪ್ರತಿ ನೋಡಿಕೊಂಡು ಅದೇ ಜಾಗದಲ್ಲಿ ಗೀಟು ಹಾಕಿದ.

ಹಾಡು ಶುರುವಾಯಿತು. ಹೆಂಗಸರ ದನಿ ಮೇಲೇರಿ ಮೊದಲ ಗೀಟಿನ ಬಳಿ ನಿಂತಿತು. ಹೀಟರಿನ ಸದ್ದು ಕೇಳಿಸಿತು, ಯಾರೋ ಕೆಮ್ಮಿದರು. ಎಫುವಾ ಅರ್ಧ ಎದ್ದರು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಹಾಗೇ ಕೂತುಬಿಟ್ಟರು. ರಾಜ್ ಕಿವಿ ಕೆಂಪು ಮಾಡಿಕೊಂಡು ಹಾಡನ್ನು ಮುಂದಕ್ಕೆ ಎತ್ತಿದ.

ಎರಡನೆಯ ಸಲ ಆಬಿದಾ ಬಾಯಿ ತೆರೆದಳು. ಸ್ವರದ ಬದಲು ಅಳು ಬಂತು. ಪೆಟ್ಟಿಗೆಯ ಕಡೆ ನೋಡಲು ಅವಳಿಗೆ ಮುಖವಿರಲಿಲ್ಲ. ಯಾ ಅಲ್ಲಾಹ್, ಇನ್ನು ಒಂದೇ ಇದೆ, ಎಂದುಕೊಂಡಳು.

ಮೂರನೆಯ ಸಲ ಕ್ವಾಯರ್ ನಿಂತಿತು. ಆಗ ಅವಳ ಪಕ್ಕದಲ್ಲೇ ಏನೋ ಸದ್ದಾಯಿತು.

ಅಯೂಬ್ ಹಾಡುತ್ತಿದ್ದ. ಎದ್ದು ನಿಂತು, ತನ್ನ ಬೂಟುಗಳನ್ನೇ ನೋಡುತ್ತ, ಐದು ತಿಂಗಳು ಚಹಾ ಇಡುತ್ತ ಕೇಳಿದ್ದ ಮೂರು ಸ್ವರಗಳನ್ನು. ಶ್ರುತಿ ಎಲ್ಲಿಗೋ ಹೋಗಿತ್ತು. ಆದರೆ ಅದೇ ಉತ್ತರ, ಅದೇ ಇಳಿತ.

ಎಫುವಾ ತಿರುಗಿ ನೋಡಿದರು. ಅಳುತ್ತಿದ್ದವರಿಗೆ ನಗು ಬಂತು, ನಗುವಿನ ಬೆನ್ನಿಗೇ ದನಿ ಬಂತು. ಅವರು ಅವನ ಸ್ವರವನ್ನು ಸರಿಯಾದ ಶ್ರುತಿಗೆ ಎಳೆದು ತಂದರು. ಹಿಂದಿನ ಸಾಲಿನಲ್ಲಿ ಘಾನಾದ ಮುದುಕಿಯೊಬ್ಬಳು ಎದ್ದಳು, ಅವಳ ಪಕ್ಕದವಳು ಎದ್ದಳು. ಆಬಿದಾಳೂ ದನಿಗೂಡಿಸಿದಳು. ಪ್ರೊಫೆಸರ್ ಬಿಟ್ಟದ್ದು ಎರಡು ಉಸಿರಿನಷ್ಟು ಜಾಗ. ಅದು ಎಂದೋ ಮುಗಿದಿತ್ತು, ಉತ್ತರ ಮುಗಿಯಲಿಲ್ಲ.

ಕ್ವಾಯರ್‌ನವರು ಒಬ್ಬೊಬ್ಬರಾಗಿ ಕಾಗದ ಕೆಳಗಿಳಿಸಿದರು. ರಾಜ್ ಅವರಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿ ನಿಂತಿದ್ದ. ಹಾಡು ಎತ್ತಿಸಲು ಮೇಲೆ ಹೋದ ಅವನ ಕೈ ಇನ್ನೂ ಕೆಳಗೆ ಬಂದಿರಲಿಲ್ಲ.